ಹುಡುಕದೆ ಬಿಟ್ಟ ಜಾಗಗಳು

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಠಾಣೆಗೆ ದೂರು ಬಂತು. ಕೊಟ್ಟವನು ಸತ್ತ ಹೆಂಗಸಿನ ಅಣ್ಣ. ದೂರು ಅವಳ ಗಂಡನ ಮೇಲೆ. ಗಂಡ ದರ್ಜಿ. ಹೆಂಡತಿ ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕುಸಿದಾಗ ಪಕ್ಕದ ಮನೆಯವರು ಕಾರು ತಂದು ಬಾಗಿಲಿಗೇ ನಿಲ್ಲಿಸಿದ್ದರು. ಆದರೆ ದರ್ಜಿ ಅವಳನ್ನು ಹತ್ತಿಸಲು ಬಿಡಲಿಲ್ಲ, ಅಂಬುಲೆನ್ಸ್ ಬರುತ್ತಿದೆ ಎಂದು ಅಡ್ಡ ನಿಂತ. ಅಂಬುಲೆನ್ಸ್ ಬರಲೇ ಇಲ್ಲ. ಅವಳು ಬಟ್ಟೆ ಕತ್ತರಿಸುವ ಮೇಜಿನ ಕಾಲ ಬಳಿ ಸತ್ತಳು.

ಎಫ್‌ಐಆರ್ ದಾಖಲಾಯಿತು. ಇನ್ಸ್‌ಪೆಕ್ಟರ್ ದರ್ಜಿಯನ್ನು ಎದುರಿಗೆ ಕೂರಿಸಿಕೊಂಡರು.

"ಫೋನ್ ಮಾಡಿದ್ಯಾ?"

"ಮಾಡ್ದೆ ಸಾರ್."

"ಏನಂದೆ?"

"ಹೆಂಡ್ತಿ ಹೊಲಿಗೆ ಮಿಷನ್ ಪಕ್ಕ ಬಿದ್ದಿದ್ದಾಳೆ, ಉಸಿರು ಸಿಕ್ತಿಲ್ಲ ಅಂದೆ."

"ಅವರೇನಂದ್ರು?"

"ಗಾಡಿ ಹೊರಟಿದೆ, ಅಲ್ಲಾಡಿಸಬೇಡಿ, ಬೇರೆ ಗಾಡಿ ಹತ್ತಿಸಬೇಡಿ ಅಂದ್ರು."

ಇದನ್ನೇ ಮತ್ತೆ ಮತ್ತೆ ಹೇಳಿಸಿದರು. ಸುಳ್ಳು ಹೇಳುವವನು ಪ್ರತಿ ಸಲಕ್ಕೂ ಒಂದು ಮಾತು ಹೆಚ್ಚು ಸೇರಿಸುತ್ತಾನೆ ಎಂಬುದು ಅವರ ಲೆಕ್ಕ. ದರ್ಜಿ ಏನೂ ಸೇರಿಸಲಿಲ್ಲ, ಅಳು ಮಾತ್ರ ಹೆಚ್ಚಾಯಿತು.

ಅಂಬುಲೆನ್ಸ್ ಕರೆ ಕೇಂದ್ರದಲ್ಲಿ ಪ್ರತಿ ಕರೆಯ ಮಾತನ್ನೂ ಯಂತ್ರವೇ ಅಕ್ಷರಕ್ಕಿಳಿಸಿ ಒಂದೊಂದು ಫೈಲಾಗಿ ಇಡುತ್ತದೆ. ಅಲ್ಲಿನ ಮೇಲ್ವಿಚಾರಕ ಬೆಣ್ಣೆಯಂಥ ಮಾತಿನ ಮನುಷ್ಯ. "ಆ ನಂಬರಿಂದ ಕರೆ ಬಂದಿದ್ದು ನಿಜ ಸಾರ್. ಆದ್ರೆ ಯಾರೂ ಮಾತಾಡಿಲ್ಲ, ಖಾಲಿ ಕರೆ. ಮಾತಾಡಿದ್ರೆ ಫೈಲ್ ಇರ್ತಿತ್ತು," ಎಂದ. ಪೊಲೀಸರು ಇಬ್ಬರು ಪಂಚರ ಎದುರು ಇಡೀ ಡಿಸ್ಕಿನ ಪ್ರತಿ ತೆಗೆದು ಠಾಣೆಗೆ ತಂದರು.

ಲಕ್ಷಗಟ್ಟಲೆ ಫೈಲುಗಳು, ಒಳಗೆ ನಂಬರಿಲ್ಲ, ಮಾತಷ್ಟೇ. ಠಾಣೆಯ ಕಂಪ್ಯೂಟರ್ ನೋಡಿಕೊಳ್ಳುವ ಕಾನ್‌ಸ್ಟೇಬಲ್‌ಗೆ ಎಲ್ಲರೂ ಇಟ್ಟ ಹೆಸರು ಕೀಲಿಮಣೆ. ಅವನು ಆಜ್ಞೆಗಳನ್ನು ಟೈಪಿಸುವ ಕಪ್ಪು ಪರದೆ ತೆರೆದು ತಲೆ ಕೆರೆದುಕೊಂಡ.

"ಫೈಲುಗಳೊಳಗೆ ಪದ ಹುಡುಕೋಕೆ ಗ್ರೆಪ್ ಅಂತ ಇದೆ ಸಾರ್. ಹಳೇದು, ನಿಧಾನ."

ಡಿಸ್ಕಿನ ವಿವರ ಕೊಡಲು ತಾನಾಗಿಯೇ ಬಂದಿದ್ದ ಮೇಲ್ವಿಚಾರಕ ನಕ್ಕ. "ಅದನ್ನ ಹಾಕಿದ್ರೆ ಸಾಹೇಬ್ರು ರಿಟೈರ್ ಆಗೋವರೆಗೂ ಹುಡುಕ್ತಿರುತ್ತೆ. ರಿಪ್‌ಗ್ರೆಪ್ ಅಂತ ಹೊಸದೊಂದಿದೆ, ಅದನ್ನ ಹಾಕಿ. ಕಣ್ಣು ಮಿಟುಕಿಸೋದ್ರೊಳಗೆ ಎಲ್ಲಾ ಕಡೆ ಹುಡುಕಿ ಮುಗಿಸುತ್ತೆ." ತಾನೇ ಅದನ್ನು ಹಾಕಿಕೊಟ್ಟು, ಟೀ ಕುಡಿದು ಹೋದ.

'ಹೊಲಿಗೆ' ಎಂಬ ಪದ ಕೊಟ್ಟು ಹುಡುಕಿಸಿದರು, ಹೇಳಿದಂತೆಯೇ ಬೇಗ ಮುಗಿಯಿತು. ಗಾಯಕ್ಕೆ ಹೊಲಿಗೆ ಬೇಕೆಂದವರ ಕರೆಗಳು ಸಾಲುಗಟ್ಟಿ ಬಂದವು. ಹೊಲಿಗೆ ಮಿಷನ್ ಎಂದವರು ಒಬ್ಬರೂ ಇರಲಿಲ್ಲ.

ದರ್ಜಿಯನ್ನು ಲಾಕಪ್ಪಿಗೆ ಕರೆದೊಯ್ಯುವಾಗ ಅವನ ಭಾವ ಮುಖಕ್ಕೆ ಉಗಿದ. ಯಾರೂ ತಡೆಯಲಿಲ್ಲ. ಇನ್ಸ್‌ಪೆಕ್ಟರೂ ಕಂಡೂ ಕಾಣದಂತೆ ಇದ್ದರು. ದರ್ಜಿ ಒರೆಸಿಕೊಳ್ಳಲೂ ಹೋಗಲಿಲ್ಲ.

ಸಂಜೆ ಶೋಧದ ಪಂಚನಾಮೆ ಬರೆಯಬೇಕಿತ್ತು. ಈ ಇನ್ಸ್‌ಪೆಕ್ಟರಿಗೆ ಒಂದು ಖಯಾಲಿ. ಯಾವ ಮನೆ ಜಾಲಾಡಿದರೂ, ಹುಡುಕದೆ ಬಿಟ್ಟ ಜಾಗ ಯಾವುದೆಂದು ಕೊನೆಗೆ ಬರೆಸಲೇಬೇಕು. ಅಟ್ಟಕ್ಕೆ ಏಣಿ ಇರಲಿಲ್ಲ, ಹಿಂದಿನ ಕೋಣೆಯ ಕೀಲಿ ಸಿಗಲಿಲ್ಲ, ಇಂಥವು. ಠಾಣೆಯವರು ಬೆನ್ನ ಹಿಂದೆ ಇದನ್ನು ಆಡಿಕೊಂಡು ನಗುತ್ತಿದ್ದರು.

"ಇದು ಎಲ್ಲೆಲ್ಲಿ ಹುಡುಕಿಲ್ಲ, ಬರಿ."

"ಎಲ್ಲಾ ಕಡೆ ಹುಡುಕಿದೆ ಸಾರ್."

"ಯಾರು ಹೇಳಿದ್ದು?"

ಹೇಳಿದ್ದು ಮೇಲ್ವಿಚಾರಕ. ಆ ಸಲಕರಣೆಯ ಕೈಪಿಡಿ ತೆರೆದು ಓದುತ್ತಾ ಹೋದಂತೆ ಕೀಲಿಮಣೆಯ ಮುಖ ಇಳಿಯಿತು.

"ಚುಕ್ಕಿಯಿಂದ ಹೆಸರು ಶುರುವಾಗೋ ಫೋಲ್ಡರ್ ಒಳಗೆ ಇದು ತಾನಾಗಿ ಹೋಗಲ್ಲ ಸಾರ್. ಅವು ಮುಚ್ಚಿಟ್ಟವು ಅಂತ ಲೆಕ್ಕ."

"ಹಳೇದು ಹೋಗುತ್ತಾ?"

"ಎಲ್ಲಾ ನೋಡು ಅಂದ್ರೆ ಗ್ರೆಪ್ ಎಲ್ಲಾ ನೋಡುತ್ತೆ."

"ಅದನ್ನೇ ಹಾಕು."

ಅದು ತನ್ನ ಪಾಡಿಗೆ ತಾನು ತೆವಳಿತು. ಮರುದಿನ ಮಧ್ಯಾಹ್ನ, ಚುಕ್ಕಿ ಹೆಸರಿನ ಒಂದು ಫೋಲ್ಡರಿನಲ್ಲಿ ಫೈಲ್ ಸಿಕ್ಕಿತು. ದರ್ಜಿ ಹೇಳಿದ್ದು ಮಾತಿಗೆ ಮಾತು ಅಲ್ಲಿತ್ತು. ಗಾಡಿ ಕಳಿಸಿದ ದಾಖಲೆ ಮಾತ್ರ ಎಲ್ಲೂ ಇರಲಿಲ್ಲ. ಕೇಂದ್ರದ ಡ್ಯೂಟಿ ಪಟ್ಟಿಯ ಪ್ರಕಾರ ಅವತ್ತು ಕರೆ ತೆಗೆದುಕೊಂಡವನು ಮೇಲ್ವಿಚಾರಕನೇ.

ದರ್ಜಿಯನ್ನು ಹೊರಗೆ ಕರೆಸಿ ಇನ್ಸ್‌ಪೆಕ್ಟರ್ ಅದನ್ನು ಓದಿ ಹೇಳಿದರು.

"ಗಾಡಿ ಹೊರಟೇ ಇರ್ಲಿಲ್ವಾ ಸಾರ್?"

"ಇಲ್ಲ."

"ಹಾಗಾದ್ರೆ ಪಕ್ಕದವರ ಕಾರಲ್ಲಿ ಹಾಕ್ಕೊಂಡು ಹೋಗಿದ್ರೆ..."

ಮರಣೋತ್ತರ ವರದಿ ಮೇಜಿನ ಮೇಲೇ ಇತ್ತು. ಗೊತ್ತಿಲ್ಲ ಎನ್ನಬಹುದಿತ್ತು. "ಬದುಕ್ತಿದ್ಲು ಅಂತ ಡಾಕ್ಟರ್ ಬರೆದಿದ್ದಾರೆ," ಎಂದರು ಇನ್ಸ್‌ಪೆಕ್ಟರ್. ದರ್ಜಿ ಮನೆಗೆ ಹೋಗಬಹುದಾಗಿತ್ತು. ಆದರೆ ಅವನು ಬಹಳ ಹೊತ್ತು ಬೆಂಚಿನಿಂದ ಏಳಲಿಲ್ಲ.

ಮೇಲ್ವಿಚಾರಕನನ್ನು ಕೇಂದ್ರದಲ್ಲೇ ಬಂಧಿಸಿದರು.

"ಗಾಡಿ ಇಲ್ಲ ಅನ್ನೋಕೇನಾಗಿತ್ತು?"

"ಇಲ್ಲ ಅಂದ್ರೆ ಅಳ್ತಾರೆ, ಬೈತಾರೆ, ಫೋನ್ ಇಡಲ್ಲ. ಬರ್ತಿದೆ ಅಂದ್ರೆ ಇಟ್ಟುಬಿಡ್ತಾರೆ."

"ಬೇರೆ ಗಾಡಿ ಹತ್ತಿಸಬೇಡಿ ಅಂದಿದ್ದು?"

"ಬದುಕಿ ಆಸ್ಪತ್ರೆ ಸೇರಿದವರು ದೂರು ಕೊಡ್ತಾರೆ ಸಾರ್. ಸತ್ತವರ ಮನೆಯವರು ತಮ್ಮತಮ್ಮಲ್ಲೇ ಬಡಿದಾಡ್ಕೋತಾರೆ."

"ಫೈಲ್ ಅಳಿಸಲಿಲ್ಲ ಯಾಕೆ?"

"ಅಳಿಸಿದ್ರೆ ಮೇಲಿನ ಕಚೇರಿಗೆ ತಿಳಿಯುತ್ತೆ. ಪಕ್ಕಕ್ಕೆ ಸರಿಸಿದ್ರೆ ತಿಳಿಯಲ್ಲ."

ಇನ್ಸ್‌ಪೆಕ್ಟರಿಗೆ ಅವನ ಕಪಾಳಕ್ಕೆ ಬಿಡಬೇಕೆನಿಸಿತು. ಬಿಡಲಿಲ್ಲ. ಆ ಫೋಲ್ಡರಿನ ಎಲ್ಲಕ್ಕಿಂತ ಹಳೆಯ ಫೈಲಿನ ಪ್ರಿಂಟನ್ನು ಅವನ ಮುಂದಿಟ್ಟರು. ಎರಡೇ ಸಾಲು. 'ಮಗಾ, ನಾನು ಕಣೋ, ಎದೆ ಹಿಂಡ್ತಿದೆ.' 'ಗಾಡಿ ಬರ್ತಿದೆ, ಮಲ್ಕೋ.'

"ಯಾರು ಇದು?"

"ನಮ್ಮಮ್ಮ."

"ಅವತ್ತೂ ಗಾಡಿ ಇರ್ಲಿಲ್ವಾ?"

"ಇತ್ತು ಸಾರ್." ಮೊದಲ ಸಲ ಅವನ ಮಾತು ತಡವರಿಸಿತು. "ದಿನಾ ಏನಾದ್ರೂ ನೆಪ ತೆಗೆದು ಫೋನ್ ಮಾಡೋಳು. ಅವತ್ತೂ ಹಾಗೇ ಅಂದ್ಕೊಂಡು ಗಾಡಿ ಕಳಿಸ್ಲಿಲ್ಲ. ಸತ್ತುಹೋದ್ಲು. ಆಮೇಲೆ ತಿಂಗಳುಗಟ್ಟಲೆ ಕಾದೆ, ಯಾರಾದ್ರೂ ಕೇಳ್ತಾರೆ ಅಂತ. ಯಾರೂ ಕೇಳ್ಲಿಲ್ಲ."

ಇನ್ಸ್‌ಪೆಕ್ಟರ್ ಆ ಹೇಳಿಕೆಗೆ ಸಹಿ ಹಾಕಿಸಿಕೊಂಡು ಹಾಳೆಯನ್ನು ಕಡತಕ್ಕೆ ಸೇರಿಸಿದರು. ಮುಂದಿನ ಫೈಲ್ ತೆರೆಯುವಂತೆ ಕೀಲಿಮಣೆಗೆ ಹೇಳಿದರು. ಫೋಲ್ಡರಿನಲ್ಲಿ ಇನ್ನೂ ಬಹಳ ಇದ್ದವು.