ಏಳನೇ ನಂಬರಿನ ಸಾಲು

"ಇದನ್ನ ಬರೆದದ್ದು ನೀನೇನಾ?"

ಹಾಳೆ ಮೇಜಿನ ಮೇಲೆ ಬಡಿದ ಸದ್ದಿಗೆ ಗುಬ್ಬಿ ಕೂತಲ್ಲೇ ಬೆಚ್ಚಿದಳು. ತಲೆಯೆತ್ತಿ ನೋಡಿದರೆ... ಅವನು! ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದ ಕ್ಯಾಪ್ಟನ್. ಮೈಮೇಲೆ ಏಳನೇ ನಂಬರಿನ ಬನಿಯನ್, ಹಣೆಗೆ ಅಂಟಿದ ಕೂದಲು, ಕಣ್ಣಲ್ಲಿ ಕೆಂಡ.

ಇವನು ಹತ್ತಿರ ಬಂದು ಒಂದೇ ಒಂದು ಮಾತಾಡಲಿ ಎಂದು ಅವಳು ಮೂರು ವಾರದಿಂದ ಕಾದಿದ್ದು ನಿಜ. ಆದರೆ ಹೀಗಲ್ಲ...

"ಹೌದು, ನಾನೇ," ಎಂದಳು.

"ಗಟ್ಟಿಯಾಗಿ ಓದು."

"ಯಾಕೆ..."

"ಓದು ಅಂದೆ!"

ಕಾಲೇಜು ಪತ್ರಿಕೆಯ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಗುಬ್ಬಿ ಹಾಳೆ ಎತ್ತಿಕೊಂಡಳು. ತಾನೇ ಬರೆದ ಸಾಲು, ಆದರೂ ಅಕ್ಷರಗಳು ಕಣ್ಣೆದುರು ಅಲ್ಲಾಡಿದವು.

"ಏಳನೇ ನಂಬರ್, ಕ್ಯಾಪ್ಟನ್. ತಂಡದ ಜೀವವೇ ಇವನು. ಆದರೆ ಈ ಸಲ ತನ್ನ ಎಡಮಂಡಿಯನ್ನು ಇವನೇ ನಂಬುತ್ತಿಲ್ಲ. ಹಾರಿದಾಗಲೆಲ್ಲ ಬಲಗಾಲಿನ ಮೇಲೆ ಇಳಿಯುತ್ತಾನೆ. ಮೂರು ವಾರದ ಅಭ್ಯಾಸದಲ್ಲಿ ಒಮ್ಮೆಯೂ ಎಡಕ್ಕೆ ತಿರುಗಿ ಓಡಲಿಲ್ಲ."

ಓದಿ ಮುಗಿಸಿ ಮೆಲ್ಲಗೆ ಕೇಳಿದಳು, "ಇದು ಸುಳ್ಳಾ?"

"ಸುಳ್ಳಾಗಿದ್ದಿದ್ರೆ ನಕ್ಕು ಸುಮ್ಮನಾಗ್ತಿದ್ದೆ. ಈ ಹಾಳೆ ಎಲ್ಲಿಗೆ ಹೋಗಿದೆ ಗೊತ್ತಾ ನಿನಗೆ? ಎಂಟು ಕಾಲೇಜಿಗೆ! ಏಳನೇ ನಂಬರಿನವನನ್ನ ಎಡಕ್ಕೆ ತಳ್ಳಿ, ಬಿದ್ದುಹೋಗ್ತಾನೆ ಅಂತ ಎಂಟೂ ತಂಡಕ್ಕೆ ನೀನೇ ಹೇಳಿಕೊಟ್ಟಿದೀಯ!"

ಗುಬ್ಬಿ ಹಾಳೆಯನ್ನು ಮೆಲ್ಲಗೆ ಕೆಳಗಿಟ್ಟಳು. ಎಂಟು ಕಾಲೇಜಿಗಾ?

ಪಂದ್ಯಗಳು ಶುರುವಾಗುವ ಹತ್ತು ದಿನ ಮೊದಲು ಪ್ರತಿ ಕಾಲೇಜೂ ತನ್ನ ಆಟಗಾರರ ಪರಿಚಯದ ಹಾಳೆಯನ್ನು ಉಳಿದ ಎಂಟು ಕಾಲೇಜುಗಳಿಗೆ ಕಳಿಸಬೇಕು. ಅದು ಅವರವರೊಳಗಿನ ಹಳೆಯ ಮರ್ಯಾದೆ. ಪರವೂರಿನವರು ಓದುವ ಹಾಳೆ ಎಂದೇ ಇಷ್ಟು ವರ್ಷ ಬರೆದವರೆಲ್ಲ ಸಕ್ಕರೆ ಸುರಿದಿದ್ದರು. ಒಬ್ಬ ಚಿರತೆ, ಇನ್ನೊಬ್ಬ ಸಿಡಿಲು, ಮತ್ತೊಬ್ಬ ಬಂಡೆ. ಈ ವರ್ಷ ಕೆಲಸ ಗುಬ್ಬಿಯ ಪಾಲಿಗೆ ಬಂತು. ಬರೀ ಹೊಗಳುವುದಾದರೆ ನಾನೇಕೆ ಬರೆಯಬೇಕು ಎಂದು ಗ್ಯಾಲರಿಯ ಮೂರನೇ ಸಾಲಿನಲ್ಲಿ ದಿನವೂ ಸಂಜೆ ಕೂತಳು. ಕಂಡದ್ದನ್ನು ಕಂಡ ಹಾಗೆ ಬರೆದಳು. ಹಾಳೆ ಹೊರಗೆ ಹೋಗುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಎಲ್ಲರಿಗೂ ಗೊತ್ತಿದ್ದ ಸಂಗತಿ, ಹೇಳುವುದೇನಿದೆ ಎಂದುಕೊಂಡಿದ್ದರು.

"ನನಗೆ ಗೊತ್ತಿರಲಿಲ್ಲ... ನಿಜವಾಗ್ಲೂ. ನಮ್ಮ ಕಾಲೇಜಿನವರು ಮಾತ್ರ ಓದ್ತಾರೆ ಅಂದ್ಕೊಂಡಿದ್ದೆ."

"ಹನ್ನೆರಡು ಜನರ ತಂಡಕ್ಕೆ ನಿನ್ನ ಚಿಕ್ಕಪ್ಪನ ಮಗ ಕಡ್ಡಿ ಹದಿಮೂರನೆಯವನಾಗಿ ಬಾಗಿಲಲ್ಲಿ ನಿಂತಿದಾನೆ. ನಾನು ಹೊರಗೆ ಬಿದ್ರೆ ಅವನು ಒಳಗೆ. ಅದಾದರೂ ಗೊತ್ತಿತ್ತಾ?"

"ಕಡ್ಡಿಗೋಸ್ಕರ ಬರೆದೆ ಅಂತೀರಾ?" ಅವಳಿಗೆ ಅಳುವೂ ಸಿಟ್ಟೂ ಒಟ್ಟಿಗೇ ಉಕ್ಕಿದವು.

"ಇದು ನನ್ನ ಕೊನೇ ವರ್ಷ," ಎಂದ ಅವನು. ಇದ್ದಕ್ಕಿದ್ದಂತೆ ಧ್ವನಿ ತಗ್ಗಿತ್ತು. "ಕೋಚ್ ಬೆಳಗ್ಗೆ ಓದಿದ್ರು. ಮಧ್ಯಾಹ್ನ ಡಾಕ್ಟರ್ ಹತ್ರ ಕಳಿಸ್ತಿದಾರೆ. ತೃಪ್ತಿ ಆಯ್ತಾ?"

ಅವನು ಹೊರಟ. ಬಾಗಿಲಾಚೆಯ ಎರಡೇ ಮೆಟ್ಟಿಲನ್ನು ಒಂದೊಂದಾಗಿ, ಎಡಗಾಲನ್ನು ಮೊದಲು ಊರಿ, ಕಂಬಿ ಹಿಡಿದು ಇಳಿದ. ಗುಬ್ಬಿ ನೋಡಬಾರದು ಎಂದುಕೊಂಡಳು. ನೋಡಿದಳು.

*

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಇನ್ನು ಅಚ್ಚಾಗಿ ಎಂಟು ಲಕೋಟೆಯಲ್ಲಿ ಕೂತು ಹೋದ ಮಾತನ್ನು ಯಾವ ದೇವರು ವಾಪಸು ತರಬೇಕು?

ಸಂಜೆ ಗುಬ್ಬಿ ಮನೆಯಲ್ಲಿ ಮಂಚದ ಮೇಲೆ ಮುದುಡಿ ಕೂತಿದ್ದಳು. ಮೆಟ್ಟಿಲಿನಿಂದ ಅಣ್ಣನ ಹೆಜ್ಜೆ ಕೇಳಿಸಿತು. ಒಂದು ಗಟ್ಟಿ, ಒಂದು ಎಳೆದದ್ದು. ಗೋಡೆಗೆ ಅಂಗೈ ಒತ್ತಿ ಹತ್ತುವ ಸದ್ದು. ಕನ್ನಡಕದಂಗಡಿ ಮುಚ್ಚಿ ಬಂದ ಅಣ್ಣನಿಗೆ ಮೂವತ್ತು ಇನ್ನೂ ತುಂಬಿಲ್ಲ.

ಅಣ್ಣನೂ ಒಂದು ಕಾಲದಲ್ಲಿ ಆಡುತ್ತಿದ್ದವನೇ. ಮಂಡಿ ನೋಯುತ್ತಿದೆ ಎಂದು ಹೈಸ್ಕೂಲಿನಲ್ಲಿದ್ದ ತಂಗಿಯೊಬ್ಬಳಿಗೇ ಹೇಳಿ, ಯಾರಿಗೂ ಬಾಯಿ ಬಿಡಬೇಡ ಎಂದು ಆಣೆ ಹಾಕಿಸಿಕೊಂಡಿದ್ದ. ಗುಬ್ಬಿ ಬಾಯಿ ಬಿಡಲಿಲ್ಲ. ಫೈನಲ್ ದಿನ ಅವನು ಬಿದ್ದಾಗಲೂ ಬಿಡಲಿಲ್ಲ. ಆಮೇಲೆ ಹೇಳಿ ಪ್ರಯೋಜನವಿರಲಿಲ್ಲ.

ಹಾಗಾಗಿ ಮೂರು ವಾರದ ಹಿಂದೆ ಕ್ಯಾಪ್ಟನ್ ಬಲಗಾಲಿನ ಮೇಲೆ ಇಳಿದದ್ದನ್ನು ಕಂಡ ಕ್ಷಣ ಅವಳಿಗೆ ಅಣ್ಣನೇ ನೆನಪಾಗಿದ್ದ. ಈ ಸಲ ಸುಮ್ಮನಿರಲ್ಲ... ಎಂದುಕೊಂಡಿದ್ದಳು.

ಎಲ್ಲ ಕೇಳಿದ ಅಣ್ಣ ಮಂಡಿ ನೀವಿಕೊಳ್ಳುತ್ತಾ, "ಅಲ್ವೇ ಪೆದ್ದಿ, ಊರಿಗೆಲ್ಲ ಡಂಗುರ ಹೊಡೆಯೋ ಮೊದಲು ಅವನ ಕಿವಿಗೆ ಒಂದು ಮಾತು ಹಾಕಬಹುದಿತ್ತಲ್ಲ?" ಎಂದ.

"ಮಾತಾಡಿಸೋಕೆ ಧೈರ್ಯ ಬರಲಿಲ್ಲ ಅಣ್ಣಾ..."

"ಎಂಟು ಕಾಲೇಜಿಗೆ ಹೇಳೋಕೆ ಬಂತು!"

"ಗೊತ್ತಿರಲಿಲ್ಲ ಅಂದೆನಲ್ಲ!" ಎಂದು ಅವಳು ಬಿಕ್ಕಿದಳು.

ಅಣ್ಣ ಅವಳ ತಲೆ ನೇವರಿಸಿದ. ಆಮೇಲೆ ಅನುಮಾನದಿಂದ ಕೇಳಿದ, "ಹುಡುಗ ಒಳ್ಳೆಯವನಾ?"

"ಅಣ್ಣಾ!"

"ಸರಿ, ನಾನು ಕೇಳಲಿಲ್ಲ ಬಿಡು."

*

ಗುರುವಾರ ಡಾಕ್ಟರ ವರದಿ ಬಂತು. ಎಡಮಂಡಿಯ ಲಿಗಮೆಂಟ್ ಅರ್ಧ ಹರಿದಿದೆ. ಇನ್ನೊಮ್ಮೆ ತಪ್ಪಾಗಿ ಇಳಿದಿದ್ದರೆ ಪೂರ್ತಿ ಹೋಗುತ್ತಿತ್ತು. ಮೂರು ತಿಂಗಳು ಓಡುವಂತಿಲ್ಲ, ಹಾರುವಂತಿಲ್ಲ. ಪಂದ್ಯಗಳು ಮುಗಿಯುವುದಕ್ಕೆ ಎರಡೇ ತಿಂಗಳು.

ಶುಕ್ರವಾರ ಬೆಳಗ್ಗೆ ಕೋಚ್ ಪತ್ರಿಕೆಯ ಕೋಣೆಗೆ ಬಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಸಂಜೆ ಐದಕ್ಕೆ ತಿದ್ದಿದ ಹಾಳೆ ಕಳಿಸಬೇಕಮ್ಮ. ಏಳನೇ ನಂಬರಿನ ಸಾಲು ತೆಗೆದುಬಿಡು. ಹದಿಮೂರನೆಯವನನ್ನ ಮೇಲಕ್ಕೆ ಹಾಕು. ಹತ್ತು ನಿಮಿಷದ ಕೆಲಸ."

ಕೋಚ್ ಹೋದ ಮೇಲೆ ಗುಬ್ಬಿ ಪೆನ್ನು ಹಿಡಿದು ಆ ಸಾಲಿನ ಮೇಲೆ ಇಟ್ಟಳು. ಗೆರೆ ಎಳೆಯಲು ಕೈ ಬರಲಿಲ್ಲ. ಕೇಳದೆ ಬರೆದಾಯಿತು. ಕೇಳದೆ ಅಳಿಸುವುದೂ ನಾನೇನಾ?

ಇಲ್ಲ. ಉಗಿದರೆ ಉಗಿಯಲಿ. ಹಾಳೆ ಮಡಚಿಕೊಂಡು ಆಟದ ಹಾಲಿಗೆ ಹೊರಟಳು.

ಪಂದ್ಯ ಹತ್ತಿರವಾದ್ದರಿಂದ ಹಾಲಿನಲ್ಲಿ ಬೆಳಗ್ಗೆಯೂ ಅಭ್ಯಾಸ ನಡೆದಿತ್ತು. ಮರದ ನೆಲದ ಮೇಲೆ ಶೂಗಳ ಕಿರುಗುಟ್ಟುವಿಕೆ, ಚೆಂಡಿನ ಬಡಿತ, ಕೋಚ್ ಊದುವ ಸೀಟಿ. ಕ್ಯಾಪ್ಟನ್ ಗೋಡೆಯ ಪಕ್ಕದ ಬೆಂಚಿನಲ್ಲಿ ಎಡಗಾಲು ಚಾಚಿ ಕೂತಿದ್ದ. ಮಂಡಿಗೆ ದಪ್ಪ ಪಟ್ಟಿ. ಕಣ್ಣು ಕೆಂಪಾಗಿತ್ತು, ಈ ಸಲ ಸಿಟ್ಟಿಗಲ್ಲ.

ಅವಳು ನಾಲ್ಕು ಹೆಜ್ಜೆ ದೂರದಲ್ಲೇ ನಿಂತಳು.

"ಕೂತ್ಕೋ," ಎಂದ ಅವನು, ಕೋರ್ಟಿನಿಂದ ಕಣ್ಣು ತೆಗೆಯದೆ. ಅವಳು ಬೆಂಚಿನ ತುದಿಗೆ ಕೂತ ಮೇಲೆ ಮುಂದುವರಿಸಿದ, "ಕಡ್ಡಿ ನಿನ್ನೆ ಬಂದು ನನಗೆ ಚೆನ್ನಾಗಿ ಮಂಗಳಾರತಿ ಎತ್ತಿದ."

"ಕಡ್ಡಿನಾ? ನಿಮಗಾ?"

"ಹಾಳೆ ತಂದು ಮುಖಕ್ಕೆ ಹಿಡಿದ. 'ನನ್ನ ಬಗ್ಗೆ ಏನು ಬರೆದಿದಾಳೆ ಓದಿದೀರಾ? ಚೆಂಡು ಕೈಗೆ ಬಂದರೆ ಗಾಬರಿಬಿದ್ದು ಯಾರಿಗಾದರೂ ಕೊಟ್ಟುಬಿಡುತ್ತಾನೆ, ಎದುರಾಳಿಗೂ! ಇದಾ ತಮ್ಮನಿಗೆ ಜಾಗ ಕೊಡಿಸೋ ರೀತಿ?' ಅಂದ." ಕ್ಯಾಪ್ಟನ್ ತಲೆ ತಗ್ಗಿಸಿದ. "ನಾನು ನನ್ನ ಸಾಲು ಬಿಟ್ಟು ಬೇರೆ ಓದೇ ಇರಲಿಲ್ಲ. ಯಾರೂ ಓದಿರಲಿಲ್ಲ. ಹದಿಮೂರು ಜನ, ಹದಿಮೂರು ಸಾಲು. ಒಬ್ಬೊಬ್ಬನೂ ತನ್ನದನ್ನ ಹುಡುಕಿ ಓದಿ ಹಾಳೆ ಮಡಚಿಟ್ಟಿದಾನೆ."

ಗುಬ್ಬಿಗೆ ನಗು ಬರಬೇಕಿತ್ತು. ಅಳು ಬಂತು.

"ನನ್ನದು ತಪ್ಪೇ," ಎಂದಳು. "ಮೊದಲು ನಿಮಗೇ ಹೇಳಬೇಕಿತ್ತು. ನಮ್ಮಣ್ಣನೂ ಹೀಗೇ ಮುಚ್ಚಿಟ್ಟಿದ್ದ. ನನಗೊಬ್ಬಳಿಗೇ ಗೊತ್ತಿತ್ತು. ಈಗ ಮನೆ ಮೆಟ್ಟಿಲು ಹತ್ತೋಕೂ ಅವನಿಗೆ ಗೋಡೆ ಬೇಕು. ನಿಮ್ಮನ್ನ ನೋಡಿದಾಗ ಅದೇ... ಅದೇ ಕಣ್ಣಿಗೆ ಕಟ್ಟಿತು. ಭಯ ಆಯ್ತು. ಕೈಗೆ ಸಿಕ್ಕಿದ್ದು ಪೆನ್ನು, ಬರೆದುಬಿಟ್ಟೆ."

ಚೆಂಡೊಂದು ಉರುಳಿ ಬಂದು ಅವನ ಬಲಗಾಲಿಗೆ ತಾಗಿತು. ಎತ್ತಿ ಎಸೆದ. ಅದನ್ನು ಹಿಡಿದವನು ಓಡಿಹೋದ.

"ನೀನು ಬರೆದದ್ದೇ ಸರಿ ಅಂತ ಡಾಕ್ಟರ್ ಹೇಳಿದ್ರು. ಆದ್ರೂ ನಿನ್ನ ಮೇಲಿನ ಸಿಟ್ಟು ಪೂರ್ತಿ ಹೋಗಿಲ್ಲ. ಸುಳ್ಳು ಹೇಳಲ್ಲ."

"ಹೋಗೋದು ಬೇಡ," ಎಂದಳು ಕಣ್ಣೊರೆಸಿಕೊಳ್ಳುತ್ತಾ. "ಈ ಸಾಲು ಅಳಿಸೋಕೆ ಹೇಳಿದಾರೆ. ನಿಮ್ಮನ್ನ ಕೇಳದೆ ಅಳಿಸಲ್ಲ. ಅಷ್ಟು ಹೇಳೋಕೆ ಬಂದೆ."

ಅವನು ಮೊದಲ ಸಲ ಅವಳ ಕಡೆ ತಿರುಗಿದ. "ಹಾಳೆ ಕೊಡು. ಕಡ್ಡಿಯದು ಮೊದಲು ಸರಿ ಮಾಡೋಣ. ಗಾಬರಿಬೀಳ್ತಾನೆ ಅಂತ ಮತ್ತೆ ಎಂಟು ಕಾಲೇಜಿಗೆ ಹೇಳಬೇಡ ಮಾರಾಯ್ತಿ!"

"ಮತ್ತೆ ಸುಳ್ಳು ಬರೆಯಲಾ?"

"ಬೇಡ. 'ಚೆಂಡನ್ನು ಕೈಯಲ್ಲಿ ಇಟ್ಟುಕೊಳ್ಳುವವನಲ್ಲ, ಬೇಗ ಪಾಸ್ ಮಾಡುತ್ತಾನೆ' ಅಂತ ಬರಿ. ಅದೂ ನಿಜವೇ ತಾನೇ?"

ಗುಬ್ಬಿ ಬರೆದುಕೊಂಡಳು. ತುಟಿಯಂಚಿಗೆ ಬಂದ ನಗುವನ್ನು ತಡೆಯಲಾಗಲಿಲ್ಲ. ಅವನು ಒಬ್ಬೊಬ್ಬರನ್ನೇ ತೋರಿಸುತ್ತಾ ಹೋದ. ಆ ಎತ್ತರದವನು ಮೊದಲ ಹತ್ತು ನಿಮಿಷ ನಿದ್ದೆಯಲ್ಲಿರುತ್ತಾನೆ, ಆಮೇಲೆ ಅವನನ್ನು ಹಿಡಿಯುವವರಿಲ್ಲ. ಈ ಗುಂಗುರು ಕೂದಲಿನವನು ಸೋಲುತ್ತಿರುವಾಗಲೇ ಚೆನ್ನಾಗಿ ಆಡುತ್ತಾನೆ. ಅವನ ಮಾತಲ್ಲಿ ಪ್ರತಿಯೊಬ್ಬನೂ ಜೀವ ತಳೆದ. ಇವರೆಲ್ಲರ ಜೊತೆ ಇನ್ನು ಇವನು ಓಡುವುದಿಲ್ಲ ಎಂಬುದು ಗುಬ್ಬಿಗೆ ನೆನಪಾಯಿತು.

ಇದ್ದಕ್ಕಿದ್ದಂತೆ ಅವನು ಕೇಳಿದ, "ಒಂದು ಮಾತು ಹೇಳು. ಇಷ್ಟು ಜನ ನನ್ನ ಜೊತೆಗೇ ಓಡ್ತಾರೆ. ಕೋಚ್ ದಿನಾ ನೋಡ್ತಾರೆ. ಹಾಸ್ಟೆಲಲ್ಲಿ ಮಂಡಿಗೆ ಐಸ್ ಇಟ್ಕೊಂಡು ಕೂತಿದ್ದು ಪಕ್ಕದ ಮಂಚದವನಿಗೂ ಗೊತ್ತಾಗಲಿಲ್ಲ. ಎಲ್ಲೋ ಮೂರನೇ ಸಾಲಲ್ಲಿ ಕೂತ ನಿನಗೆ ಹೇಗೆ ಕಂಡಿತು?"

ಗುಬ್ಬಿಯ ಪೆನ್ನು ನಿಂತಿತು. ಕಿವಿ ಬಿಸಿಯಾಯಿತು. ಹೇಳಲಾ? ಬೇಡವಾ? ಹೇಳಬೇಕಾದ್ದನ್ನು ಹೇಳಬೇಕಾದವರಿಗೆ ಹೇಳದೆ ಹೋಗಿ ತಾನೇ ಇಷ್ಟೆಲ್ಲ ಆದದ್ದು...

"ಎಲ್ಲರೂ ಚೆಂಡು ನೋಡ್ತಿದ್ರು," ಎಂದಳು. "ನಾನು ನೋಡ್ತಿರಲಿಲ್ಲ."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಅವನು ಪಟ್ಟಿ ಕಟ್ಟಿದ ತನ್ನ ಮಂಡಿಯನ್ನೇ ನೋಡುತ್ತಾ ಕೂತ. ಗುಬ್ಬಿಗೆ ಎದ್ದು ಓಡಿಹೋಗೋಣ ಎನಿಸಿತು.

"ಬರ್ಕೋ," ಎಂದ ಕೊನೆಗೆ. "ಏಳನೇ ನಂಬರ್..."

ಅವಳು ಪೆನ್ನು ಹಿಡಿದು ಕಾದಳು. ಸಮಾಧಾನ ಹೇಳಲಿಲ್ಲ, ಅವಸರಪಡಿಸಲಿಲ್ಲ. ಅವನು ಮುಖ ಆಚೆ ತಿರುಗಿಸಿ ಬನಿಯನ್ನಿನ ಅಂಚಿನಿಂದ ಕಣ್ಣೊತ್ತಿಕೊಂಡ.

"ಏಳನೇ ನಂಬರ್ ಈ ಸಲ ಆಡುವುದಿಲ್ಲ. ಆದರೆ ಒಂದು ಪಂದ್ಯವನ್ನೂ ತಪ್ಪಿಸುವುದಿಲ್ಲ, ತಂಡದ ಬೆಂಚಿನಲ್ಲಿ ಇರುತ್ತಾನೆ." ಉಸಿರು ಬಿಟ್ಟ. "ಬರೆದ್ಯಾ?"

"ಬರೆದೆ. ಓದಲಾ?"

"ಬೇಡ. ನೀನು ಬರೆದಿದೀಯ ಅಂದ್ರೆ ಸರಿಯಾಗೇ ಇರುತ್ತೆ."

ಆ ಒಂದು ಮಾತಿಗೆ ಗುಬ್ಬಿಯ ಕಣ್ಣು ಮತ್ತೆ ತುಂಬಿತು. ಹಾಳೆಯ ಮೇಲೆ ಹನಿ ಬೀಳದಂತೆ ಪಕ್ಕಕ್ಕೆ ಹಿಡಿದಳು.

"ಇನ್ನೇನಾದ್ರೂ ಸೇರಿಸಬೇಕಾ?"

"ಸೇರಿಸೋದಿದೆ. ಆದ್ರೆ ಅದು ಅಚ್ಚಿಗಲ್ಲ, ನಿನಗೆ." ಅವನು ಬೆಂಚಿನ ಮೇಲೆ ಚೂರು ಸರಿದ. "ಆಡದೆ ಇಲ್ಲಿ ಕೂತಿರೋದು ನನ್ನೊಬ್ಬನಿಂದ ಆಗಲ್ಲ. ಎರಡು ತಿಂಗಳು. ಪಕ್ಕದಲ್ಲಿ ಬಂದು ಕೂತ್ಕೋತೀಯಾ?"

"ಸಿಟ್ಟು ಇನ್ನೂ ಹೋಗಿಲ್ಲ ಅಂದ್ರಿ..."

"ಅದೂ ಜೊತೆಗಿರ್ಲಿ. ದಿನಾ ಸ್ವಲ್ಪ ಸ್ವಲ್ಪ ಕಳೀತೀನಿ."

ಗುಬ್ಬಿ ಅವನ ಪಕ್ಕಕ್ಕೆ ಸರಿದು ಕೂತಳು. ಕೋರ್ಟಿನಲ್ಲಿ ಕಡ್ಡಿ ಚೆಂಡನ್ನು ನೇರ ಎದುರಾಳಿಯ ಕೈಗೆ ಕೊಟ್ಟ. ಇಬ್ಬರಿಗೂ ನಗು ತಡೆಯಲಿಲ್ಲ.

"ಬರ್ತೀನಿ," ಎಂದಳು. "ಒಂದೇ ಷರತ್ತು."

"ಏನು?"

"ಚೆಂಡು ನೋಡು ಅಂತ ಮಾತ್ರ ನನಗೆ ಹೇಳಬಾರದು."

"ಹೇಳಲ್ಲ," ಎಂದು ಅವನು ಅವಳ ಕೈ ಹಿಡಿದುಕೊಂಡ.