ದೇವರ ಹಿಡಿ

ಬಹಳ ಹಿಂದೆ, ಪ್ರಾಣಿಪಕ್ಷಿಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಹೊನ್ನಗಿಂಡಿ ಎಂಬ ರಾಜ್ಯವಿತ್ತು. ಅಲ್ಲಿನ ಕ್ರೈಸ್ತರ ಕೇರಿಯಲ್ಲಿ ಒಂದು ವಾಡಿಕೆ. ಅನ್ನಕ್ಕಿಡುವ ಮುನ್ನ ಪ್ರತಿ ಮನೆಯಾಕೆಯೂ ಒಂದು ಹಿಡಿ ಅಕ್ಕಿಯನ್ನು ಬೇರೆ ಗಡಿಗೆಗೆ ಹಾಕುವಳು. ಅದಕ್ಕೆ ದೇವರ ಹಿಡಿ ಎಂದು ಹೆಸರು. ಶುಕ್ರವಾರ ಕೇರಿಯವರೆಲ್ಲ ಉಪವಾಸವಿದ್ದು, ಆ ಅಕ್ಕಿಯನ್ನು ಗುಡ್ಡದಾಚೆಯ ಅನಾಥ ಮಕ್ಕಳಿಗೆ ಮುಟ್ಟಿಸುವರು.

ಆ ಗುಡ್ಡದ ಮೇಲೆ ಹೊಗೆಗಣ್ಣ ಎಂಬ ಮಾಂತ್ರಿಕ ಬಂದು ಕೂತ. ಅಕ್ಕಿ ಹೊತ್ತು ಹೋದವರು ಮರಳಲಿಲ್ಲ. ಸಲೋಮಿಯ ಗಂಡ ಎಲೀಶ ಕತ್ತಿ ಹಿರಿದು, ಮೀಸೆ ತಿರುವಿ ಹೋದ. ಅವನೂ ಮರಳಲಿಲ್ಲ. ಮುಂದಿನ ಶುಕ್ರವಾರ ಸಲೋಮಿಯೇ ಗಡಿಗೆ ಹೊತ್ತು ಹೊರಟಳು. ಅಕ್ಕಿ ಮಕ್ಕಳಿಗೆ ಮುಟ್ಟಬೇಕು, ಗಂಡ ಮನೆ ಸೇರಬೇಕು.

ಗುಡ್ಡದ ಬುಡದಲ್ಲಿ, ಅಕ್ಕಿ ಹೊತ್ತು ಹೋದವರ ಜೊತೆ, ಎಲೀಶನೂ ಕಲ್ಲಾಗಿ ನಿಂತಿದ್ದ. ಬಲಗೈಯಲ್ಲಿ ಕತ್ತಿ, ಎಡಗೈಯಲ್ಲಿ ಅರ್ಧ ಕಚ್ಚಿದ ಕಜ್ಜಾಯ!

"ಹುಲಿಗೂ ಜಗ್ಗದವರು ಕಜ್ಜಾಯಕ್ಕೆ ಸೋತುಬಿಟ್ರಲ್ಲ! ಒಂದು ದಿನ ಬಾಯಿ ಕಟ್ಟೋಕಾಗಲಿಲ್ವಾ?" ಎಂದು ಸಲೋಮಿ ಬೈದಳು. ಬೈಯುತ್ತಲೇ ಆ ತಣ್ಣನೆಯ ಕೆನ್ನೆ ಸವರಿ ಅತ್ತಳು.

ಒಂದು ಗಿಳಿ ಬಿಸಿ ಕಜ್ಜಾಯ ಕಚ್ಚಿಕೊಂಡು ಬಂದು ಅವಳ ಮುಂದಿಟ್ಟಿತು. "ಹಸಿದಿದ್ದೀಯ ಅಕ್ಕ. ಒಂದೇ ಒಂದು. ಹೂಂ ಅನ್ನು. ಯಾರು ನೋಡ್ತಾರೆ?"

ಸಲೋಮಿಯ ಬಾಯಲ್ಲಿ ನೀರೂರಿತು. "ಯಾರಾದರೂ ಯಾಕೆ ನೋಡಬೇಕು? ನಾನೇ ಇದ್ದೀನಲ್ಲ! ಇಲ್ಲ, ಹೋಗು!" ಎಂದು ಗದರಿ ಗುಡ್ಡ ಹತ್ತಿದಳು.

ಅರ್ಧ ದಾರಿಯಲ್ಲಿ ಬೆಳ್ಳಿಕೊಂಬಿನ ಜಿಂಕೆ ಎದುರಾಯಿತು. "ಅಕ್ಕ, ನಿಮ್ಮ ಕೇರಿಯ ರಾಹೇಲಮ್ಮ ಗಡಿಗೆಗೆ ಬರೀ ನುಚ್ಚು ಹಾಕ್ತಾಳಂತೆ? ಹೂಂ ಅನ್ನು. ಯಾರು ಕೇಳ್ತಾರೆ?"

ಮಾತೇನೋ ನಿಜವೇ. ಎರಡು ವರ್ಷದಿಂದ ಅದು ಸಲೋಮಿಯ ಹೊಟ್ಟೆಯೊಳಗೇ ಕುದಿಯುತ್ತಿತ್ತು. ಸುಳ್ಳೇಕೆ ಹೇಳಲಿ, ಕಜ್ಜಾಯ ಬಿಡುವುದಕ್ಕಿಂತ ಇದು ಕಷ್ಟವಾಯಿತು. ಅವಳು ತುಟಿ ಕಚ್ಚಿ ಹಿಡಿದಳು.

"ನುಚ್ಚೋ ಮುತ್ತೋ, ಅವಳನ್ನೇ ಹೋಗಿ ಕೇಳು. ನಮ್ಮವರ ಮಾನ ಹರಾಜು ಹಾಕೋಕೆ ನಾನು ಬಂದಿಲ್ಲ. ಇಲ್ಲ, ದಾರಿ ಬಿಡು!"

ತುದಿಯಲ್ಲಿ ಹೊಗೆಗಣ್ಣ ಕಾದಿದ್ದ. ಕೊಂಬಿಲ್ಲ, ಕೋರೆಹಲ್ಲಿಲ್ಲ. ಬಿಳಿ ಪಂಚೆ, ಬಿಳಿ ಜುಬ್ಬ, ಕಂಕುಳಲ್ಲಿ ದಪ್ಪನೆಯ ವೇದಪುಸ್ತಕ. ಥೇಟ್ ಸಭೆಯ ಹಿರಿಯರ ಹಾಗೆ!

"ಬಾ ತಂಗಿ. ಒಂದೇ ಹಿಡಿ ಅಕ್ಕಿ ನನ್ನ ಈ ಅಗ್ನಿಕುಂಡಕ್ಕೆ ಹಾಕು, ಎಲೀಶ ಎದ್ದು ಬರ್ತಾನೆ. ದೇವರು ದಯಾಮಯ. ಭಾನುವಾರ ಮೊಣಕಾಲೂರಿ ಕ್ಷಮೆ ಕೇಳಿದರಾಯ್ತು. ಹೂಂ ಅನ್ನು."

ಅವನು ಉಫ್ ಎಂದು ಊದಿದ. ಕೆಳಗೆ ಎಲೀಶನ ಕಲ್ಲು ಕಣ್ಣು ಬಿಟ್ಟಿತು. "ಸಲೋಮೀ!" ಎಂದು ಕೂಗಿತು.

ಸಲೋಮಿ ಗಡಿಗೆ ಇಳಿಸಿದಳು. ಅವಳ ಕೈ ಒಳಗಿಳಿದೇ ಬಿಟ್ಟಿತು. ಬೆರಳುಗಳು ಅಕ್ಕಿಯನ್ನು ಬಿಗಿಹಿಡಿದವು.

"ಕರ್ತನೇ, ನನ್ನ ಕೈ ಹಿಡಿ!" ಎಂದು ಚೀರಿದಳು. ಬೆರಳುಗಳು ಒಂದೊಂದಾಗಿ ಸಡಿಲಿದವು. ಆಮೇಲೆ ಬಂತು ನೋಡಿ ಸಿಟ್ಟು.

"ಥೂ! ಭಾನುವಾರದ ಕ್ಷಮೆ ನಂಬಿ ಶುಕ್ರವಾರ ಮಕ್ಕಳ ಬಾಯಿಗೆ ಮಣ್ಣು ಹಾಕಲಾ? ಬಾಯಲ್ಲಿ ದೇವರ ಹೆಸರು, ಕೈ ಮಕ್ಕಳ ತಟ್ಟೆಯಲ್ಲಿ! ಕೊಂಬಿದ್ದಿದ್ದರೆ ನಿನ್ನ ಗುರುತಾದರೂ ಸಿಗ್ತಿತ್ತು. ಇಲ್ಲ! ಒಂದು ಕಾಳೂ ಇಲ್ಲ!"

ಹೊಗೆಗಣ್ಣನ ಬಲವೆಲ್ಲ ಜನರು ಹೂಂ ಅನ್ನುವುದರಲ್ಲಿತ್ತು. ಮೂರು ಸಲ ಇಲ್ಲ ಎಂದವರನ್ನು ಅವನು ಕಂಡೇ ಇರಲಿಲ್ಲ. ಕುಗ್ಗಿದ, ಕುಗ್ಗಿದ, ಹಿಡಿ ಮಸಿಯಾಗಿ ಗಾಳಿಗೆ ಹಾರಿಹೋದ.

ಕಲ್ಲಾದವರೆಲ್ಲ ಎದ್ದರು. ಎಲೀಶ ಓಡೋಡಿ ಮೇಲೆ ಬಂದ.

"ನಾನು ಕೂಗಿದ್ದು ಕೇಳಿಸಲಿಲ್ವಾ ಸಲೋಮಿ?"

"ಕೇಳಿಸ್ತು."

"ಅವನು ಸಾಯದೇ ಹೋಗಿದ್ದರೆ? ನನ್ನನ್ನ ಕಲ್ಲಾಗಿಯೇ ಬಿಡ್ತಿದ್ಯಾ?"

"ಬಿಡ್ತಿದ್ದೆ. ದಿನಾ ಬಂದು ನಿಮ್ಮ ಕಾಲ ಬಳಿ ಕೂತು ಅಳ್ತಿದ್ದೆ. ಆದರೂ ಬಿಡ್ತಿದ್ದೆ."

ಎಲೀಶ ಗಡಿಗೆಯನ್ನೆತ್ತಿ ತನ್ನ ತಲೆಯ ಮೇಲಿಟ್ಟುಕೊಂಡ. ಆ ಮಧ್ಯಾಹ್ನ ಮಕ್ಕಳು ಹೊಟ್ಟೆ ತುಂಬ ಉಂಡರು. ಆ ರಾಜ್ಯದವರೆಲ್ಲ ಬಹುಕಾಲ ಸುಖವಾಗಿದ್ದರು. ಎಲೀಶನೂ ಸುಖವಾಗಿದ್ದ, ಆದರೆ ಹೆಂಡತಿಯ ಆ ಉತ್ತರವನ್ನು ಅವನು ಬದುಕಿರುವವರೆಗೂ ಮರೆಯಲಿಲ್ಲ.