ಮೂರು ಚಿತ್ರಗಳಲ್ಲಿ ಒಂದೇ ಕೆಮ್ಮು

ಇದು ನನ್ನ ಕಣ್ಣೆದುರೇ ನಡೆದದ್ದು. ಕಿರುಚಿತ್ರ ಸ್ಪರ್ಧೆಯೊಂದಕ್ಕೆ ನಾನು ತೀರ್ಪುಗಾರ್ತಿ. ಜೊತೆಗೆ ಧ್ವನಿ ತಂತ್ರಜ್ಞನಾದ ನನ್ನ ತಮ್ಮ. ಮಟಮಟ ಮಧ್ಯಾಹ್ನ, ಮೂರು ಚಿತ್ರಗಳ ಶಬ್ದ, ಬೆಳಕು, ಕ್ಯಾಮೆರಾ ಕೆಲಸವನ್ನು ಹೋಲಿಸಿ ನೋಡುತ್ತಿದ್ದೆವು. ಮೊದಲನೆಯದರ ಮೌನದಲ್ಲಿ ಯಾರೋ ಒಣಗಂಟಲಲ್ಲಿ ಕೆಮ್ಮಿದರು. ಬೇರೆಯವರು ತೆಗೆದ ಎರಡನೆಯದರಲ್ಲಿ, ದೀಪ ಮಂಕಾದಾಗ ಅದೇ ಕೆಮ್ಮು ಇನ್ನೂ ಹತ್ತಿರದಿಂದ ಕೇಳಿಸಿತು.

ಮೂರನೆಯದರಲ್ಲಿ ಕ್ಯಾಮೆರಾ ನಟಿಯನ್ನು ಬಿಟ್ಟು ಮೆಲ್ಲನೆ ಎಡಕ್ಕೆ ತಿರುಗಿ, ಮುಚ್ಚಿದ ಬಾಗಿಲೊಂದರ ಮುಂದೆ ನಿಂತಿತು. ಬಾಗಿಲಾಚೆ ಯಾರೋ ಕೆಮ್ಮಿದರು.

"ಇದು ಮೂಕಿಚಿತ್ರ ಕಣಕ್ಕಾ. ಇದರಲ್ಲಿ ಶಬ್ದಾನೇ ಇಲ್ಲ," ಎಂದ ತಮ್ಮ.

ತಕ್ಷಣ ಅದರ ನಿರ್ದೇಶಕಿಗೆ ಫೋನ್ ಮಾಡಿ, ಆ ಬಾಗಿಲ ಹಿಂದೆ ಯಾರಿದ್ದರೆಂದು ಕೇಳಿದೆ.

"ಯಾವ ಬಾಗಿಲು ಮೇಡಂ? ನಾವು ಕ್ಯಾಮೆರಾ ತಿರುಗಿಸಲೇ ಇಲ್ಲ. ಎಡಗಡೆ ಇರೋದು ಬರೀ ಗೋಡೆ."